ಹುಳುಮನೆಯ ಹೊಸ್ತಿಲು

ಮಾರಿಸ್‌ಟೌನ್, ನ್ಯೂಜೆರ್ಸಿ
26 ಸೆಪ್ಟೆಂಬರ್ 1999, ಭಾನುವಾರ

ಪ್ರೀತಿಯ ತಂಗಿ ಗಂಗಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ನಾವು ಹೊರಡುವ ಮುಂಚೆ ಕೊಟ್ಟು ಬಂದ ಎಣ್ಣೆಯನ್ನು ದಿನಾ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅಣ್ಣ ಕೊಟ್ಟದ್ದು ಎಂದು ದೇವರ ಗೂಡಿನಲ್ಲಿಟ್ಟು ಅದಕ್ಕೂ ಊದುಬತ್ತಿ ಬೆಳಗುತ್ತಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೆ. ನಾನೂ ನಿನ್ನ ಅತ್ತಿಗೆಯೂ ಮಗಳು ಕಲಾಳ ಮನೆಯಲ್ಲಿ ಆರೋಗ್ಯವಾಗಿದ್ದೇವೆ. ಇಲ್ಲಿ ಬೆಳಗಿನ ಹೊತ್ತು ಆಗಲೇ ಸ್ವೆಟರ್ ಬೇಕು. ಮನೆಯ ಹಿಂದಿನ ಮೇಪಲ್ ಮರದ ಒಂದೇ ಒಂದು ಕೊಂಬೆ ಕೆಂಪಾಗಿದೆ, ಮಿಕ್ಕದ್ದೆಲ್ಲ ಹಸಿರು. ನಿನ್ನ ಅತ್ತಿಗೆ ದಿನಾ ಅದನ್ನು ನೋಡಿ, ಮರಕ್ಕೆ ಏನೋ ರೋಗ ತಗುಲಿದೆ, ನೀವು ಇಲಾಖೆಯವರಲ್ಲವೆ, ಔಷಧಿ ಹೇಳಿ ಎನ್ನುತ್ತಾಳೆ. ರೇಷ್ಮೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಸವೆಸಿದವನಿಗೆ ಲೋಕದ ಎಲೆಗಳ ಕಾಯಿಲೆಯೆಲ್ಲ ಗೊತ್ತಿರಬೇಕು ಎಂಬುದು ಅವಳ ನಂಬಿಕೆ. ನಾನೂ ಅದನ್ನು ಕೆಡಿಸಲು ಹೋಗಿಲ್ಲ.

ಹೋದ ವಾರ ನಿನ್ನ ಮಗ ಚೆಲುವರಾಜು ಮಳವಳ್ಳಿಯ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದ್ದ. ಕಬ್ಬಿನ ಒಂದು ಭಾಗ ತೆಗೆದು ಹಿಪ್ಪುನೇರಳೆ ನೆಟ್ಟದ್ದು, ಹೊಸ ಹುಳುಮನೆ ಕಟ್ಟಿಸಿದ್ದು, ವಿಜಯದಶಮಿಯ ದಿನ ಮೊದಲ ಹುಳುಗಳಿಗೆ ಸೊಪ್ಪು ಹಾಕುವುದು ಎಲ್ಲ ಹೇಳಿದ. ಆಮೇಲೆ ಧ್ವನಿ ಸಣ್ಣಗೆ ಮಾಡಿಕೊಂಡು, "ಮಾವ, ಅವ್ವ ಹೊಸ್ತಿಲು ತುಳಿಯಾಕಿಲ್ಲ ಅಂತ ಕೂತವಳೆ. ಮೊದಲ ಸೊಪ್ಪು ಹಾಕವ್ವ ಅಂದ್ರೆ, ನನ್ ಕೈ ಬ್ಯಾಡ ಕಣಪ್ಪ, ನಿನ್ ಬೆಳೆ ಕೆಟ್ಟೋದಾತು ಅಂತಾಳೆ. ನೀವೇ ಒಂದ್ ಮಾತು ಬರೀರಿ" ಎಂದ. ಬರೆಯುತ್ತೇನೆ ಎಂದೆ. ಬರೆಯಲು ಕೂತರೆ ಏನು ಬರೆಯುವುದೆಂದು ತಿಳಿಯದೆ ನಾಲ್ಕು ದಿನ ಕಳೆದೆ. ಅದಕ್ಕೇ ಮೊದಲು ನಮ್ಮ ಪ್ರವಾಸದ ಸಮಾಚಾರ ಹೇಳಿಬಿಡುತ್ತೇನೆ, ಆಮೇಲೆ ಆ ವಿಷಯಕ್ಕೆ ಬರುತ್ತೇನೆ. ನಾನು ಯಾವತ್ತೂ ಹೀಗೆಯೇ, ಹೊಲಕ್ಕೆ ಹೋಗು ಅಂದರೆ ಊರು ಸುತ್ತಿಕೊಂಡು ಹೋಗುವವನು ಎಂದು ಅವ್ವ ಬೈಯುತ್ತಿದ್ದಳಲ್ಲ.

ನಾವು ಒಂಬತ್ತು ದಿನ ಫ್ರಾನ್ಸ್ ದೇಶದ ಹಳ್ಳಿಗಾಡಿಗೆ ಹೋಗಿ ಬಂದೆವು ಕಣಮ್ಮ. ನಗಬೇಡ. ಕನಕಪುರದ ಸಂತೆ ಬಿಟ್ಟರೆ ಮಾದಪ್ಪನ ಬೆಟ್ಟ ಎನ್ನುವಂತಿದ್ದ ಪಂಚಾಕ್ಷರಯ್ಯ ಫ್ರಾನ್ಸಿಗೆ ಹೋಗಿ ಬಂದ. ಆದದ್ದು ಏನೆಂದರೆ, ಕಲಾ ಕೆಲಸ ಮಾಡುವ ಕಂಪನಿಯಲ್ಲಿ ಈಗ ದೊಡ್ಡ ಗಡಿಬಿಡಿ. ಹಳೆಯ ಕಾಲದ ಪ್ರೋಗ್ರಾಂಗಳಲ್ಲಿ ಇಸವಿ ಬರೆಯುವಾಗ ಕೊನೆಯ ಎರಡು ಅಂಕಿ ಮಾತ್ರ ಬರೆದಿದ್ದಾರಂತೆ. ಜನವರಿಯಲ್ಲಿ ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರ್‌ಗಳು ಅದನ್ನು ಸಾವಿರದ ಒಂಬೈನೂರು ಎಂದುಕೊಂಡು ದಿಕ್ಕೆಟ್ಟು ಕೂರುತ್ತವಂತೆ. ಮೂವತ್ತು ವರ್ಷದ ಹಿಂದೆ ಯಾರೋ ಸದ್ಯಕ್ಕೆ ಇಷ್ಟು ಸಾಕು ಎಂದು ಬಿಟ್ಟದ್ದನ್ನು ಈಗ ಸಾವಿರಾರು ಜನ ಸಾಲು ಸಾಲಾಗಿ ಹುಡುಕಿ ಸರಿಮಾಡುತ್ತಿದ್ದಾರೆ. ಅಕ್ಟೋಬರಿನಿಂದ ಯಾರಿಗೂ ರಜೆಯಿಲ್ಲ, ಬೇಕಾದವರು ಈಗಲೇ ಹೋಗಿ ಬನ್ನಿ ಎಂದರಂತೆ. ಮೊಮ್ಮಗಳು ಅನಿಕಾ ಸ್ಕೂಲಿನಲ್ಲಿ ಫ್ರೆಂಚ್ ಕಲಿಯುತ್ತಾಳೆ. ಸ್ಕೂಲು ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಅಭ್ಯಾಸಕ್ಕೆ ಒಳ್ಳೆಯದು ಎಂದು ಕಲಾ ಟೀಚರಿಗೆ ಚೀಟಿ ಬರೆದುಕೊಟ್ಟಳು. ನಮ್ಮ ಅಳಿಯಂದಿರು ಅಮರೇಶ್ವರ ಇಂಟರ್ನೆಟ್ಟಿನಲ್ಲಿ ಹುಡುಕಿ, ದಕ್ಷಿಣದ ಕಡೆ ಸೆವೆನ್ ಎಂಬ ಬೆಟ್ಟಸೀಮೆಯಲ್ಲಿ ಬಾಡಿಗೆಗೆ ಕೊಡುವ ಹಳೆಯ ರೈತರ ಮನೆಯೊಂದನ್ನು ಗೊತ್ತುಮಾಡಿದರು. ನಿನ್ನ ಅತ್ತಿಗೆ ಅರ್ಧ ಪೆಟ್ಟಿಗೆ ಬಟ್ಟೆ, ಅರ್ಧ ಪೆಟ್ಟಿಗೆ ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ತುಂಬಿಕೊಂಡು ಹೊರಟಳು.

ಮನೆ ಎಂದರೆ ಮೂರಂತಸ್ತಿನ ಕಲ್ಲಿನ ಮನೆ. ಕೆಳಗೆ ಹಿಂದೆ ಆಡು ಕಟ್ಟುತ್ತಿದ್ದರಂತೆ, ನಡುವೆ ವಾಸ, ಮೇಲೆ ಏನೋ ಒಂದು ಉದ್ದನೆಯ ಅಟ್ಟ. ಪಕ್ಕದ ಸಣ್ಣ ಮನೆಯಲ್ಲಿ ಅದರ ಒಡತಿ, ಎಂಬತ್ತು ದಾಟಿದ ಮುದುಕಿ. ಇವೆಟ್ ಅಂತ ಹೆಸರು. ಬೆನ್ನು ಬಾಗಿದ್ದರೂ ಮಾತು ಬಾಗಿಲ್ಲ. ಮೊದಲ ಬೆಳಿಗ್ಗೆ ಎಲ್ಲರೂ ಮಲಗಿದ್ದಾಗ ನಾನು ಶಾಲು ಹೊದ್ದು ಅಂಗಳಕ್ಕೆ ಬಂದೆ. ಕಣಿವೆಯಲ್ಲಿ ಮಂಜು, ದ್ರಾಕ್ಷಿ ತೋಟದಿಂದ ಸಿಹಿ ವಾಸನೆ. ಅಂಗಳದ ಅಂಚಿನಲ್ಲಿ ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪ ಬೊಡ್ಡೆಯ ಮರಗಳ ಸಾಲು. ಸುಮ್ಮನೆ ಒಂದು ಎಲೆ ಕಿತ್ತೆ ನೋಡು, ತೊಟ್ಟಿನಿಂದ ಹಾಲು ಬಂತು. ಮೂಸಿದೆ. ಬಾಯಿಗೆ ಹಾಕಿಕೊಂಡು ಅಗಿದೆ. ಗಂಗೂ, ಅದು ಹಿಪ್ಪುನೇರಳೆ! ನಮ್ಮಲ್ಲಿ ಸೊಂಟದೆತ್ತರಕ್ಕೆ ಕತ್ತರಿಸಿ ಬೆಳೆಸುತ್ತೇವಲ್ಲ, ಅಲ್ಲಿ ಅದನ್ನೇ ಮರವಾಗಲು ಬಿಟ್ಟಿದ್ದಾರೆ. ಏಳು ಸಮುದ್ರ ದಾಟಿ ಬಂದ ಮೇಲೆ ನಮ್ಮ ಕೆರೆ ಹಿಂದಿನ ತೋಟದ ವಾಸನೆ ಬಾಯಿಗೆ ಬಂದರೆ ಹೇಗಾಗಬೇಡ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಎಲೆ ತಿನ್ನುತ್ತಾ ನಿಂತ ನನ್ನನ್ನು ಆ ಮುದುಕಿ ಕಿಟಕಿಯಿಂದ ನೋಡಿದಳು. ಹುಚ್ಚನೋ ಹಸಿದವನೋ ಎಂದುಕೊಂಡಿರಬೇಕು. ಹೊರಗೆ ಬಂದಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ನಾನು ಎಲೆ ತೋರಿಸಿ, ಹೆಬ್ಬೆರಳನ್ನು ಹುಳುವಿನಂತೆ ಆಡಿಸಿ, ಆಮೇಲೆ ಕತ್ತು ಮೇಲೆತ್ತಿ ಕಣ್ಣು ಮುಚ್ಚಿ ಅಲ್ಲಾಡದೆ ನಿಂತೆ. ಜ್ವರಕ್ಕೆ ಕೂತ ಹುಳು ಪೊರೆ ಬಿಡುವ ಮುನ್ನ ತಲೆಯೆತ್ತಿ ನಿಲ್ಲುತ್ತದಲ್ಲ, ಹಾಗೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತಾನೂ ಬಾಗಿದ ಬೆನ್ನಿನ ಮೇಲೆ ಕತ್ತು ಎತ್ತಿ, ಕಣ್ಣು ಮುಚ್ಚಿ, ಹಾಗೆಯೇ ನಿಂತಳು. ಅನಿಕಾ ಎದ್ದು ಬಂದು ನೋಡಿದರೆ ತಾತನೂ ಆ ಅಜ್ಜಿಯೂ ಆಕಾಶಕ್ಕೆ ಮುಖ ಮಾಡಿ ಕಂಬದ ಹಾಗೆ ನಿಂತಿದ್ದೇವೆ. "Mom, Thatha has gone crazy" ಎಂದು ಒಳಗೆ ಓಡಿದಳು.

ಆವತ್ತಿನಿಂದ ನನಗೂ ಅವಳಿಗೂ ಸ್ನೇಹ. ಮೇಲಿನ ಅಟ್ಟ ಹುಳುಮನೆಯೇ ಆಗಿತ್ತು. ನಾಲ್ಕು ಮೂಲೆಯಲ್ಲಿ ನಾಲ್ಕು ಸಣ್ಣ ಒಲೆ, ಚಳಿಗೆ ಹುಳು ಕೆಡದಿರಲೆಂದು. ಮರದ ಚೌಕಟ್ಟುಗಳಲ್ಲಿ ಅಂತಸ್ತು ಅಂತಸ್ತಾಗಿ ಜೊಂಡಿನ ತಟ್ಟೆಗಳು. ನಾವು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತೇವಲ್ಲ, ಅವರು ಬೆಟ್ಟದ ಪೊರಕೆಗಿಡದ ಕಡ್ಡಿಗಳನ್ನು ಕಮಾನಿನಂತೆ ನಿಲ್ಲಿಸಿ ಅದಕ್ಕೆ ಹತ್ತಿಸುತ್ತಿದ್ದರಂತೆ. ಅವಳ ಪ್ರಾಯದಲ್ಲಿ ಊರಿಗೆ ಊರೇ ಹುಳು ಸಾಕುತ್ತಿತ್ತು, ಯುದ್ಧವಾದ ಮೇಲೆ ನಿಂತುಹೋಯಿತು ಎಂದಳು. ಮಾತು ಸಾಗುತ್ತಿದ್ದದ್ದು ಹೀಗೆ: ಅವಳು ಫ್ರೆಂಚಿನಲ್ಲಿ ಹೇಳುವಳು, ಅನಿಕಾ ಅದನ್ನು ಇಂಗ್ಲಿಷಿಗೆ ತರುವಳು, ನನಗೆ ಎಲ್ಲಿಯಾದರೂ ಎಡವಿದರೆ ಕಲಾ ಕನ್ನಡದಲ್ಲಿ ಬಿಡಿಸುವಳು. ಹುಳುಮನೆಯ ಕಟ್ಟಳೆಗಳನ್ನೂ ಹೇಳಿದಳು: ಚಪ್ಪಲಿ ಹೊರಗೆ ಬಿಡಬೇಕು, ಗಟ್ಟಿಯಾಗಿ ಮಾತಾಡಬಾರದು, ಒಗ್ಗರಣೆಯ ಹೊಗೆ ಬರಬಾರದು, ಹೊರಗಿನವರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕು, ಹುಳು ಚೆನ್ನಾಗಿವೆ ಎಂದು ಬಾಯಲ್ಲಿ ಹೇಳಬಾರದು. ಒಗ್ಗರಣೆಯೊಂದನ್ನು ನಾನೇ ಸೇರಿಸಿದೆ, ಮಿಕ್ಕದ್ದೆಲ್ಲ ಅವಳದೇ. ಅವ್ವ ಅಲ್ಲಿಗೂ ಹೋಗಿ ಕಾನೂನು ಮಾಡಿ ಬಂದಿದ್ದಳೇನೋ ಅನ್ನಿಸಿತು.

ಆ ಅಟ್ಟದಲ್ಲಿ ನಿಂತಾಗ ನನಗೆ ನಮ್ಮ ಹುಳುಮನೆಯೇ ಕಣ್ಣಮುಂದೆ ಬಂತು. ನೆನಪಿದೆಯಾ, ಬಾಗಿಲಿಗೆ ತೂಗುಹಾಕಿದ್ದ ಬೇವಿನ ಸೊಪ್ಪು, ಹೊಸ್ತಿಲ ಪಕ್ಕದ ಕಾಲು ತೊಳೆಯುವ ಬಾನಿ, ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುವಾಗ ಹಂಚಿನ ಮೇಲೆ ಮಳೆ ಬಿದ್ದಂತೆ ಬರುತ್ತಿದ್ದ ಸದ್ದು. ಆ ಸದ್ದು ಕೇಳಿಕೊಂಡೇ ನಾವಿಬ್ಬರೂ ದೊಡ್ಡವರಾದೆವು. ನೀನು ಏಳು ವರ್ಷದವಳಿದ್ದಾಗಲೇ ಅವ್ವ ನಿನ್ನ ಕೈಯಿಂದ ಮರಿಹುಳುಗಳಿಗೆ ಮೊದಲ ಸೊಪ್ಪು ಹಾಕಿಸುತ್ತಿದ್ದಳು. ಉಗುರಿನಷ್ಟು ಸಣ್ಣಗೆ ಸೊಪ್ಪು ಹೆಚ್ಚಿ, ರಂಗೋಲಿ ಪುಡಿ ಉದುರಿಸುವ ಹಾಗೆ ಹಾಕುತ್ತಿದ್ದೆ. "ಗಂಗನ ಕೈಗುಣ ಚೆಂದಾಗದೆ, ಅವಳು ಮುಟ್ಟಿದ್ ಹುಳ ಒಂದೂ ಕೆಡಾಕಿಲ್ಲ" ಎಂದು ಓಣಿಯವರೆಲ್ಲ ನಿನ್ನನ್ನು ಕರೆದೊಯ್ಯುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ಚನ್ನಪಟ್ಟಣದಲ್ಲಿ ತರಬೇತಿ ಮುಗಿಸಿ ಸರ್ಕಾರದ ಡೆಮಾನ್‌ಸ್ಟ್ರೇಟರ್ ಆಗಿ ಬಂದ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ, ಏಳನೇ ಕ್ಲಾಸಿನ ನಿನ್ನನ್ನು ಕರೆಯುತ್ತಿದ್ದರು.

ಆಮೇಲೆ ಅರವತ್ತೆಂಟರ ಆ ಬೆಳೆ. ಅದರ ಮಾತು ನಾವಿಬ್ಬರೂ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಆಡಿಲ್ಲ. ಅವ್ವ ಸಾವಿನ ಮನೆಗೆಂದು ಸಾತನೂರಿಗೆ ಹೋದವಳು ಬಸ್ಸು ತಪ್ಪಿ ಅಲ್ಲೇ ಉಳಿದಳು, ನಾನು ಕ್ಯಾಂಪಿನಲ್ಲಿದ್ದೆ. ನೀನು ಹೊರಗಾಗಿ ಹಿತ್ತಲ ಕೋಣೆಯಲ್ಲಿ ಕೂತಿದ್ದೆ. ಬೆಳಕು ಹರಿಯುವ ಹೊತ್ತಿಗೆ ಹುಳುಮನೆಯ ಸದ್ದು ನಿಂತುಹೋಯಿತು. ತಟ್ಟೆಗಳಲ್ಲಿ ಸೊಪ್ಪೆಲ್ಲ ಖಾಲಿ. ನೀನು ಎದ್ದು ಹೋಗಿ ಸೊಪ್ಪು ತಂದು ಹಾಕಿದೆ. ಹದಿನೇಳು ವರ್ಷದ ಹುಡುಗಿ, ಹಸಿದ ಹುಳುಗಳನ್ನು ನೋಡಿ ಸುಮ್ಮನೆ ಕೂರಲಾರದೆ ಹೋದೆ. ಐದು ದಿನಕ್ಕೆ ಹುಳುಗಳ ಮೈಮೇಲೆ ಮೆಣಸು ಚೆಲ್ಲಿದಂತೆ ಚುಕ್ಕೆ ಬಂತು, ಒಂದೂ ಗೂಡು ಕಟ್ಟಲಿಲ್ಲ. ಅವ್ವ ಜಗಲಿಯ ಮೇಲೆ ನಿಂತು ಬೀದಿಗೆ ಕೇಳುವಂತೆ ಅಂದಳು, "ಮುಟ್ಟಬಾರದ ದಿನ ಮುಟ್ಟಿ ನನ್ ಮನೆ ಹಾಳ್ ಮಾಡಿದ್ಲು" ಎಂದು. ನೀನು ಅಳಲಿಲ್ಲ. ನನ್ನ ಕಡೆ ತಿರುಗಿ, "ಅಣ್ಣ, ನೀನ್ ಓದ್ದೋನಲ್ವಾ, ನೀನೇಳು, ನನ್ನಿಂದ ಆಯ್ತಾ?" ಎಂದೆ. ನಾನು ಬಾನಿಯಲ್ಲಿ ಕಾಲು ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ಆಮೇಲೆ ನಿನ್ನನ್ನು ಕೇಳಿಕೊಂಡು ಬಂದಿದ್ದ ಹಾರೋಹಳ್ಳಿಯ ಮನೆಯವರು, ಹುಳು ಸಾಕುವ ಮನೆಗೆ ಇಂಥ ಕೈ ಬೇಡ ಎಂದು ಹೇಳಿ ಕಳಿಸಿದರು. ಕಬ್ಬು ಬೆಳೆಯುವ ಮನೆ ಹುಡುಕಿ ನಿನ್ನನ್ನು ಮಳವಳ್ಳಿಗೆ ಕೊಟ್ಟೆವು. ಭಾವನವರು ಬಂಗಾರದಂಥವರು, ಅದು ನಿನ್ನ ಪುಣ್ಯ, ನಮ್ಮ ಬುದ್ಧಿವಂತಿಕೆಯಲ್ಲ. ತವರಿಗೆ ಬಂದಾಗಲೂ ನೀನು ಹುಳುಮನೆಯ ಕಡೆಯ ಬಾಗಿಲಿನಿಂದ ಓಡಾಡದೆ ಹಿತ್ತಲು ಸುತ್ತಿ ಬರುತ್ತಿದ್ದೆ. ನಾನು ನೋಡುತ್ತಿದ್ದೆ.

ಹೊರಡುವ ಹಿಂದಿನ ದಿನ ಇವೆಟ್ ಅಜ್ಜಿ ಬಾದಾಮಿ ಬಿಡಿಸುತ್ತಾ ಕೂತವಳು ಒಂದು ಕತೆ ಹೇಳಿದಳು. ಅವಳ ಅಜ್ಜಿಯ ಕಾಲದಲ್ಲಿ ಆ ಸೀಮೆಯ ಹುಳುಗಳಿಗೆಲ್ಲ ಮೆಣಸುಚುಕ್ಕೆಯ ರೋಗ ಬಂತಂತೆ. ಅದೇ ನಮ್ಮ ಗಂಟುರೋಗ. ಅವರ ಮನೆಯಲ್ಲಿ ಅಜ್ಜಿಯ ತಂಗಿಯೇ ಹುಳು ನೋಡಿಕೊಳ್ಳುತ್ತಿದ್ದವಳು. ಅವಳ ಕಣ್ಣು ಕೆಟ್ಟದ್ದು ಎಂದು ಅವಳ ಮೇಲೆ ಹೊರಿಸಿ, ದೂರದ ಪಟ್ಟಣಕ್ಕೆ ಮನೆಗೆಲಸಕ್ಕೆ ಕಳಿಸಿಬಿಟ್ಟರಂತೆ. ಆಮೇಲೆ ಪ್ಯಾರಿಸಿನಿಂದ ಒಬ್ಬ ವಿಜ್ಞಾನಿ ಬಂದು, ಸೂಕ್ಷ್ಮದರ್ಶಕ ಹಿಡಿದು ವರ್ಷಗಟ್ಟಲೆ ನೋಡಿ, ಈ ರೋಗ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಬರುತ್ತದೆ ಎಂದು ತೋರಿಸಿಕೊಟ್ಟ. ನಮ್ಮ ಇಲಾಖೆಯ ಪಾಠದ ಮೊದಲ ಪುಟವೇ ಅದು, ನಾನೇ ನೂರಾರು ಊರಲ್ಲಿ ಭಾಷಣ ಮಾಡಿದ್ದೇನೆ. "ಗೊತ್ತಾದ ಮೇಲೆ ಆಕೆಯನ್ನು ವಾಪಸ್ ಕರೆಸಿದರಾ?" ಎಂದು ಕೇಳಿದೆ. ಅಜ್ಜಿ ಬಾದಾಮಿ ಸಿಪ್ಪೆಯನ್ನು ಉಡಿಯಿಂದ ಕೊಡವಿಕೊಂಡಳು. ಇಲ್ಲವಂತೆ. ಎಲ್ಲರಿಗೂ ಗೊತ್ತಾಯಿತು, ಹೇಳಲು ಮಾತ್ರ ಯಾರೂ ಹೋಗಲಿಲ್ಲ, ಅವಳು ಅಲ್ಲೇ ತೀರಿಕೊಂಡಳಂತೆ. ಇಷ್ಟನ್ನು ಹೇಳಿ ಮುಗಿಸಿದ ಅನಿಕಾ ನನ್ನ ಕಡೆ ತಿರುಗಿ, "Thatha, did you guys blame girls too?" ಎಂದಳು. ನಾನು ಊಟಕ್ಕೆ ಹೊತ್ತಾಯಿತು ಎಂದು ಎದ್ದುಬಿಟ್ಟೆ. ನಾಲ್ಕು ಗಂಟೆಗೆ ಯಾವ ಊಟ? ಕಲಾ ನನ್ನನ್ನೇ ನೋಡುತ್ತಿದ್ದಳು.

ಹತ್ತೊಂಬತ್ತಕ್ಕೆ ಇಲ್ಲಿಗೆ ವಾಪಸಾದೆವು. ನಾವಿಲ್ಲದಾಗ ಇಲ್ಲಿ ದೊಡ್ಡ ಬಿರುಗಾಳಿ ಬಂದು ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು. ನಿನ್ನ ಅತ್ತಿಗೆಯ ಹಪ್ಪಳದ ಡಬ್ಬ ದೋಣಿಯಾಗಿ ತೇಲುತ್ತಿತ್ತು. ಮೂರು ದಿನ ಎಲ್ಲರೂ ಸೇರಿ ಒರೆಸಿದೆವು. ಈಗ ಕಲಾ ಬೆಳಿಗ್ಗೆ ಆರಕ್ಕೆ ಡ್ರೈವ್ ಮಾಡಿಕೊಂಡು ಹೋದರೆ ಬರುವುದು ಎಂಟಕ್ಕೆ. ಬಂದವಳು ತಟ್ಟೆ ಮುಂದೆ ಕೂತು, ಇವತ್ತು ಇಷ್ಟು ಸಾಲು ಸರಿಮಾಡಿದೆವು ಅಪ್ಪ ಎನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ.

ಗಂಗೂ, ವಿಷಯಕ್ಕೆ ಬರುತ್ತೇನೆಂದು ಹೇಳಿದ್ದೆನಲ್ಲ. ವಿಜಯದಶಮಿಯ ಬೆಳಿಗ್ಗೆ ತಲೆಗೆ ಎರೆದುಕೊಂಡು ಹೊಸ ಸೀರೆ ಉಟ್ಟು ಮಗನ ಹುಳುಮನೆಗೆ ಹೋಗು. ಮೊದಲ ಸೊಪ್ಪು ನೀನೇ ಹಾಕು. ಅಣ್ಣ ಹೇಳಿದ ಎಂದು ಹಾಕು, ಇಲಾಖೆಯವರು ಹೇಳಿದರು ಎಂದು ಬೇಕಾದರೂ ಹಾಕು. ಕಾಲ ಬದಲಾಗಿದೆ, ಈಗ ಅದನ್ನೆಲ್ಲ ಯಾರೂ ನೋಡುವುದಿಲ್ಲ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಚೆಲುವರಾಜುವಿಗೂ ಸೊಸೆಗೂ ಆಶೀರ್ವಾದ, ನಿನ್ನ ಮೊಮ್ಮಗಳು ಪುಟ್ಟಿ ತನುಶ್ರೀಗೆ ಎರಡು ಮುತ್ತು. ಅನಿಕಾ ಅವಳಿಗೆಂದು ಬಣ್ಣದ ಪೆನ್ಸಿಲ್ ಎತ್ತಿಟ್ಟಿದ್ದಾಳೆ, ಡಿಸೆಂಬರಿಗೆ ಬರುವಾಗ ತರುತ್ತೇನೆ. ಮಾದಪ್ಪ ನಿನ್ನ ಮನೆಯ ದೀಪ ಆರದಂತೆ ಕಾಯಲಿ.

ಇಂತಿ, ನಿನ್ನ ಒಡಹುಟ್ಟಿದ
ಪಂಚಾಕ್ಷರಯ್ಯ

ಮರೆತದ್ದು: ಮರೆತದ್ದಲ್ಲ. ಕಾಗದ ಮಡಚಿ ಕವರಿಗೆ ಹಾಕಿ ಮತ್ತೆ ತೆಗೆದಿದ್ದೇನೆ. ಮೇಲೆ ಕಾಲ ಬದಲಾಗಿದೆ ಎಂದು ಬರೆದೆನಲ್ಲ, ಅದು ಹೇಡಿಯ ಮಾತು, ಅದನ್ನು ಹೊಡೆದುಹಾಕು. ಆ ಸಲದ ಮೊಟ್ಟೆ ತಂದವನು ನಾನು. ಮೊಟ್ಟೆ ಕೊಡುವ ಸರ್ಕಾರಿ ಬಿತ್ತನೆ ಕೋಠಿಯಲ್ಲಿ ಎಂಟು ದಿನ ತಡವಾಗುತ್ತದೆ ಎಂದರು. ಎಲ್ಲರಿಗಿಂತ ಮೊದಲು ಬೆಳೆ ತೆಗೆದು ಓಣಿಯವರಿಗೆ ತೋರಿಸಬೇಕೆಂಬ ಚಪಲಕ್ಕೆ, ಮಾಗಡಿ ಕಡೆಯ ಪರಿಚಯದವನೊಬ್ಬನಿಂದ ತಾಯಿ ಚಿಟ್ಟೆಯ ಪರೀಕ್ಷೆ ಮಾಡದ ಮೊಟ್ಟೆ ತಂದೆ. ಪರೀಕ್ಷೆಯಾಗಿದೆ ಎಂದು ಅವ್ವನಿಗೆ ಸುಳ್ಳು ಹೇಳಿದೆ. ಚುಕ್ಕೆ ಬಂದ ದಿನ ಒಂದು ಹುಳುವನ್ನು ಬೆಂಕಿಪೊಟ್ಟಣದಲ್ಲಿಟ್ಟು ಆಫೀಸಿಗೆ ಒಯ್ದು, ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗಂಟುರೋಗದ ಕಾಳಿನಂಥ ರೋಗಾಣುಗಳು ಹೊಳೆಯುತ್ತಿದ್ದವು. ಅದು ಮೊಟ್ಟೆಯಲ್ಲೇ ಬಂದದ್ದು. ನೀನು ಮುಟ್ಟುವುದಕ್ಕೆ ಮೊದಲೇ ಆ ಬೆಳೆ ಸತ್ತಿತ್ತು. ನೀನು ನನ್ನನ್ನು ಕೇಳಿದಾಗ ನನಗೆ ಇದೆಲ್ಲ ಗೊತ್ತಿತ್ತು ಗಂಗೂ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿದೆ. ಆಮೇಲೆ ಕೆಲಸ ಖಾಯಂ ಆಯಿತು, ಆಗ ನಾಚಿಕೆಯಾಯಿತು. ಅವ್ವ ಸಾಯುವವರೆಗೂ ಹೇಳಲಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಡಿಸೆಂಬರಿಗೆ ಬಂದಾಗ ನೀನು ಬಾಗಿಲು ಹಾಕಿಕೊಂಡರೂ ತಪ್ಪಿಲ್ಲ.

ಎರಡು ಮಾತು ಮಾತ್ರ ನಡೆಸಿಕೊಡು. ಚೆಲುವರಾಜು ಪರೀಕ್ಷೆಯಾದ ಮೊಟ್ಟೆಯನ್ನೇ ತರಲಿ, ಚೀಟಿ ನೋಡಿ ತರಲಿ. ಮತ್ತೆ, ಇಷ್ಟನ್ನು ನೀನೊಬ್ಬಳೇ ಓದಿಕೊಂಡು ಪೆಟ್ಟಿಗೆಯಲ್ಲಿ ಇಡಬೇಡ. ಹುಳುಮನೆಗೆ ಹೋಗುವ ಮುನ್ನ ಜಗಲಿಯ ಮೇಲೆ ನಿಂತು ಚೆಲುವರಾಜು ಗಟ್ಟಿಯಾಗಿ ಓದಲಿ, ಬೀದಿಗೆ ಕೇಳುವಂತೆ. ತನುಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೋ.